ಮನೆಯೂ ಪಾಠಶಾಲೆಯೂ: ಉಪಾಧ್ಯಾಯಿನಿಯ ರಾತ್ರಿಯ ಮೊಬೈಲು



ಕಳೆದ ತಿಂಗಳು ಈ ಅಂಕಣಕ್ಕೆ ಬಂದ ಕಾಗದಗಳಲ್ಲಿ ಒಂದು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಬರೆದವರು ಹಿರಿಯ ಗೃಹಿಣಿಯೊಬ್ಬರು. ಅವರ ಸೊಸೆಯು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯಿನಿ. “ಅಡಿಗೆ, ಪಾತ್ರೆ, ಮಗುವಿನ ಪಾಠ ಎಲ್ಲವೂ ಮುಗಿದ ಮೇಲೆ ಅವಳು ಮೊಬೈಲನ್ನು ಹಿಡಿದು ಕುಳಿತರೆ ಹನ್ನೊಂದು ಹೊಡೆದರೂ ಏಳುವುದಿಲ್ಲ. ಕೇಳಿದರೆ ನಾಳೆಯ ಪಾಠಕ್ಕೆಂದು ಹೇಳುತ್ತಾಳೆ. ನಾವು ಓದುವಾಗ ಮೇಷ್ಟರುಗಳು ಕರಿಹಲಗೆ ಸೀಮೆಸುಣ್ಣಗಳಿಂದಲೇ ಪಾಠ ಹೇಳಲಿಲ್ಲವೆ? ಪಾಠಕ್ಕೆ ಬೇಕಾದುದು ಅದರಲ್ಲಿ ನಿಜವಾಗಿಯೂ ಏನಿದೆ? ಇದೇ ಮಾತಿಗೆ ನಮ್ಮಿಬ್ಬರಲ್ಲಿ ಎರಡು ದಿನ ಮಾತು ನಿಂತುಹೋಗಿತ್ತು” ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಈ ಪ್ರಶ್ನೆಯು ನನಗೆ ಹೊಸದಲ್ಲ. ನನ್ನ ನಾದಿನಿಯು ನಮ್ಮೊಡನೆಯೇ ಇದ್ದು, ಇಲ್ಲಿಂದ ಹದಿನೈದು ಕಿಲೋಮೀಟರು ದೂರದ ಹಿರಿಯ ಪ್ರಾಥಮಿಕ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವಳು. ನಮ್ಮ ಅತ್ತೆಯವರಿಗೂ ಮೊದಮೊದಲು ಇದೇ ಅಸಮಾಧಾನವಿತ್ತು. ನನಗೂ ಸ್ವಲ್ಪಮಟ್ಟಿಗೆ ಇತ್ತೆಂದು ಒಪ್ಪಿಕೊಳ್ಳುವುದು ನ್ಯಾಯ. ಆದುದರಿಂದ ಕಾಗದ ಬಂದ ರಾತ್ರಿಯೇ ಅವಳ ಪಕ್ಕದಲ್ಲಿ ಕುಳಿತು, “ಏನು ನೋಡುತ್ತೀಯೆಂಬುದನ್ನು ನನಗೂ ಸ್ವಲ್ಪ ತೋರಿಸಮ್ಮ” ಎಂದೆನು. ಹೀಗೆ ಒಂದು ವಾರ ಕುಳಿತು ಕಂಡುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ ಪಠ್ಯಪುಸ್ತಕವನ್ನೇ ತೆಗೆದುಕೊಳ್ಳೋಣ. ನಿಮ್ಮ ಮನೆಯ ಮಗುವಿನ ಪುಸ್ತಕದ ಪಾಠಗಳ ಬಳಿಯಲ್ಲಿ ಕಪ್ಪು ಬಿಳುಪು ಚುಕ್ಕೆಗಳ ಒಂದು ಚೌಕವನ್ನು ನೀವು ಕಂಡಿರಬಹುದು. ರಂಗೋಲಿಯ ಚುಕ್ಕೆಗಳನ್ನು ಯಾರೋ ಕಲಸಿಬಿಟ್ಟಂತೆ ಕಾಣುವ ಇದಕ್ಕೆ ಕ್ಯೂಆರ್ ಕೋಡು ಎಂದು ಹೆಸರು. ೨೦೧೭ನೆಯ ಸೆಪ್ಟೆಂಬರು ೫ರಂದು, ಎಂದರೆ ಉಪಾಧ್ಯಾಯರ ದಿನದಂದೇ, ಕೇಂದ್ರ ಸರ್ಕಾರದವರು ‘ದೀಕ್ಷಾ’ ಎಂಬ ಏರ್ಪಾಟನ್ನು ಆರಂಭಿಸಿದರು. ಮೊಬೈಲಿನಲ್ಲಿ ದೀಕ್ಷಾ ಆ್ಯಪನ್ನು ತೆರೆದು ಈ ಚೌಕದ ಮೇಲೆ ಹಿಡಿದರೆ, ಆ ಪಾಠಕ್ಕೆ ಸಂಬಂಧಿಸಿದ ವಿಡಿಯೋ, ಅಭ್ಯಾಸದ ಪ್ರಶ್ನೆ, ವಿವರಣೆಗಳು ಎದುರಿಗೆ ಬರುತ್ತವೆ. ಚೌಕವು ಹರಿದಿದ್ದರೆ ಅಥವಾ ಮಸಿ ಬಿದ್ದಿದ್ದರೆ ಅದರ ಬಳಿ ಅಚ್ಚಾಗಿರುವ ಆರು ಅಕ್ಷರಗಳ ಗುರುತನ್ನು ಒತ್ತಿದರೂ ಆಗುವುದು. ಇದರಲ್ಲಿ ನನಗೆ ಹಿಡಿಸಿದ ಗುಣವೆಂದರೆ, ಬೇಕಾದುದನ್ನು ಮನೆಯಲ್ಲಿಯೇ ಇಳಿಸಿಕೊಂಡು ಶಾಲೆಯಲ್ಲಿ ಇಂಟರ್ನೆಟ್ಟಿಲ್ಲದೆಯೂ ತೋರಿಸಬಹುದು. ನಾದಿನಿಯ ಶಾಲೆಯಿರುವ ಹಳ್ಳಿಯಲ್ಲಿ ಸಿಗ್ನಲ್ ಎಂಬುದು ಊರ ಮುಂದಿನ ಅರಳಿಕಟ್ಟೆಯ ಮೇಲೆ ಹತ್ತಿ ನಿಂತವರಿಗೆ ಮಾತ್ರ ದೊರೆಯತಕ್ಕ ವಸ್ತು. ಅವಳು ರಾತ್ರಿ ಎದ್ದಿರುವುದಕ್ಕೆ ಅರ್ಧ ಕಾರಣವು ಇದೇ.

ಇನ್ನರ್ಧ ಕಾರಣವು ಆಯ್ಕೆ. ಒಂದು ಪಾಠಕ್ಕೆ ನಾಲ್ಕು ವಿಡಿಯೋಗಳಿದ್ದರೆ ನಾಲ್ಕನ್ನೂ ಮೊದಲಿಂದ ಕೊನೆಯವರೆಗೆ ನೋಡದೆ ತರಗತಿಗೆ ಒಯ್ಯುವುದು, ರುಚಿ ನೋಡದೆ ನೆಂಟರಿಗೆ ಸಾರು ಬಡಿಸಿದಂತೆ. ನಾಲ್ಕರಲ್ಲಿ ಒಂದು ಬಹಳ ಉದ್ದ. ಒಂದರ ಭಾಷೆ ನಮ್ಮ ಮಕ್ಕಳ ಕಿವಿಗೆ ಎಟುಕದು. ಒಂದರಲ್ಲಿ ಸಂಗೀತದ ಗದ್ದಲವೇ ಹೆಚ್ಚು. ಉಳಿದ ಒಂದರಲ್ಲಿಯೂ ಬೇಕಾದುದು ನಡುವಣ ಎರಡು ನಿಮಿಷ. ಆ ಎರಡು ನಿಮಿಷವನ್ನು ಹುಡುಕುವುದಕ್ಕೆ ಒಂದು ಗಂಟೆ ಹಿಡಿಯುತ್ತದೆ.

ಇಷ್ಟರಿಂದಲೇ ಕಾಗದ ಬರೆದ ಹಿರಿಯರಿಗೆ ಸಮಾಧಾನವಾಗಲಾರದೆಂದು ಬಲ್ಲೆ. ಕರಿಹಲಗೆಯಿಂದ ಆಗದ ಕೆಲಸವು ಇದರಿಂದ ಏನಾಗುತ್ತದೆ ಎಂಬುದಲ್ಲವೆ ಅವರ ಪ್ರಶ್ನೆ? ಅದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು.

ಅಮೆರಿಕೆಯ ಕೊಲೊರಾಡೋ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ವೀಮನ್ ಎಂಬ ವಿದ್ವಾಂಸರು, ೨೦೦೧ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕದ ಪಾಲನ್ನು ಪಡೆದವರು, ಮರುವರ್ಷವೇ ‘ಫೆಟ್’ ಎಂಬ ಒಂದು ಕಾರ್ಯವನ್ನು ಆರಂಭಿಸಿದರು. ವಿಜ್ಞಾನ ಗಣಿತಗಳ ತತ್ತ್ವಗಳನ್ನು ಮಕ್ಕಳು ತಾವೇ ಕೈಯಾಡಿಸಿ ನೋಡುವಂತೆ ಪರದೆಯ ಮೇಲೆ ಆಟದ ರೂಪದಲ್ಲಿ ಅಣಿಮಾಡಿಕೊಡುವುದು ಅದರ ಉದ್ದೇಶ. ಹಣವನ್ನು ಕೊಡಬೇಕಾಗಿಲ್ಲ. ಬಹು ಭಾಷೆಗಳಿಗೆ ಅನುವಾದವಾಗಿರುವ ಈ ಆಟಗಳಲ್ಲಿ ಕೆಲವು ಕನ್ನಡದಲ್ಲಿಯೂ ಇವೆ. ಒಂದೊಂದನ್ನೂ ಕಂಪ್ಯೂಟರಿಗೆ ಇಳಿಸಿಟ್ಟುಕೊಂಡರೆ ಆಮೇಲೆ ಇಂಟರ್ನೆಟ್ಟಿನ ಹಂಗಿಲ್ಲ. ವಿದ್ಯುತ್ತಿನ ಪಾಠಕ್ಕೆ ಅದರಲ್ಲಿ ಬ್ಯಾಟರಿ, ಬಲ್ಬು, ತಂತಿ, ಸ್ವಿಚ್ಚುಗಳ ಒಂದು ಪೆಟ್ಟಿಗೆಯಿದೆ. ಬೆರಳಿನಿಂದ ಎಳೆದು ಜೋಡಿಸುತ್ತ ಹೋಗುವುದು. ಸುತ್ತು ಪೂರ್ಣವಾದೊಡನೆ ಬಲ್ಬು ಬೆಳಗುತ್ತದೆ. ತಂತಿಯೊಳಗೆ ನೀಲಿ ಗುಂಡುಗಳು ಸಾಲಾಗಿ ಸಾಗುತ್ತವೆ. ಎಲೆಕ್ಟ್ರಾನುಗಳೆಂದು ಪುಸ್ತಕವು ಹೇಳುವ, ಯಾರ ಕಣ್ಣಿಗೂ ಬೀಳದ ವಸ್ತುಗಳ ನಡೆಯನ್ನು ಇಲ್ಲಿ ಗುಂಡುಗಳಾಗಿ ತೋರಿಸಿದ್ದಾರೆ. ಬಲ್ಬನ್ನು ಬಿಟ್ಟು ಬ್ಯಾಟರಿಯ ಎರಡು ಕೊನೆಗಳನ್ನೂ ಬರಿಯ ತಂತಿಯಿಂದ ಕೂಡಿಸಿಬಿಟ್ಟರೆ ಗುಂಡುಗಳು ಹುಚ್ಚೆದ್ದು ಓಡಿ, ಬ್ಯಾಟರಿಯ ಮೇಲೆ ಬೆಂಕಿಯ ಜ್ವಾಲೆಯೇಳುತ್ತದೆ!

ಈ ಜ್ವಾಲೆಯೇ ಇದರ ದೊಡ್ಡ ಉಪಕಾರವೆಂದು ನನ್ನ ಅಭಿಪ್ರಾಯ. ಸೀಮೆಸುಣ್ಣದಿಂದ ಬರೆದ ತಂತಿಗೆ ತಪ್ಪು ಮಾಡಿದವರನ್ನು ಎಚ್ಚರಿಸುವ ಶಕ್ತಿಯಿಲ್ಲ. ನಿಜವಾದ ತಂತಿಯೊಡನೆ ತಪ್ಪು ಮಾಡಿ ನೋಡಲು ಯಾವ ಉಪಾಧ್ಯಾಯಿನಿಯೂ ಒಪ್ಪಳು. ಇಲ್ಲಿಯಾದರೋ ಮಗುವು ಹತ್ತು ಸಲ ತಪ್ಪು ಮಾಡಿ, ಹತ್ತು ಸಲವೂ ಏಕೆಂದು ಕೇಳಬಹುದು. ನಾದಿನಿಯು ಹೇಳಿದ ಒಂದು ಸಂಗತಿಯು ನನಗೆ ಮರೆಯುವಂತಿಲ್ಲ. ಏಳನೆಯ ತರಗತಿಯ ಹೆಣ್ಣು ಮಕ್ಕಳಲ್ಲಿ ಹಲವರು ಮನೆಯಲ್ಲಿ ಒಂದು ಬಲ್ಬನ್ನೂ ಕೈಯಿಂದ ತಿರುಗಿಸಿ ಹಾಕಿದವರಲ್ಲ. “ನೀನು ಮುಟ್ಟಬೇಡ, ಅಣ್ಣ ಮಾಡುತ್ತಾನೆ” ಎಂಬ ಮಾತು ಅವರಿಗೆ ನಿತ್ಯದ್ದು. ಪರದೆಯ ಮೇಲೆ ಮೂರು ಸಲ ಬ್ಯಾಟರಿಯನ್ನು ಸುಟ್ಟ ಹುಡುಗಿಯೊಬ್ಬಳು ಮರುದಿನ ನಿಜವಾದ ಶೆಲ್ಲನ್ನೂ ಟಾರ್ಚಿನ ಬಲ್ಬನ್ನೂ ಎಲ್ಲರಿಗಿಂತ ಮೊದಲು ಜೋಡಿಸಿ ಬೆಳಗಿಸಿದಳಂತೆ.

ಮರುದಿನ ನಿಜವಾದ ಶೆಲ್ಲು ಎಂದೆನಲ್ಲವೆ, ಇದು ಅಗತ್ಯವಾದ ಮಾತು. ಪರದೆಯ ಮೇಲಿನ ಬಲ್ಬು ಬೆಳಗಿತೆಂದು ಪಾಠವು ಮುಗಿಯಿತೆಂದುಕೊಳ್ಳುವ ಉಪಾಧ್ಯಾಯರೂ ಉಂಟು. ಅದು ಚಿತ್ರದ ಹೋಳಿಗೆಯನ್ನು ತೋರಿಸಿ ಊಟವಾಯಿತೆನ್ನುವ ರೀತಿ. ಕೈಗೆ ತಂತಿಯ ಒರಟು, ಬಲ್ಬಿನ ಬಿಸಿ ತಾಕಬೇಕು. ಮಕ್ಕಳ ಕೈಗೆ ಕೊಡುವುದು ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಶೆಲ್ಲುಗಳನ್ನು ಮಾತ್ರ. ಗೋಡೆಯ ಪ್ಲಗ್ಗಿನ ಹತ್ತಿರಕ್ಕೆ ಸುಳಿಯಕೂಡದೆಂದು ಅದೇ ಪಾಠದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕು.

ಇನ್ನು ಓದಿನ ವಿಷಯ. ಬೆಂಗಳೂರಿನ ‘ಪ್ರಥಮ್ ಬುಕ್ಸ್’ ಎಂಬ ಪ್ರಕಾಶನದವರು ೨೦೧೫ರ ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು ‘ಸ್ಟೋರಿವೀವರ್’ ಎಂಬ ಕಥೆಗಳ ಭಂಡಾರವನ್ನು ತೆರೆದರು. ಬಣ್ಣದ ಚಿತ್ರಗಳಿರುವ ಮಕ್ಕಳ ಕಥೆಗಳು ಅಲ್ಲಿ ಕನ್ನಡವೂ ಸೇರಿದಂತೆ ಬಹಳ ಭಾಷೆಗಳಲ್ಲಿ ದೊರೆಯುತ್ತವೆ. ಓದಲು ಆಗತಾನೇ ಕಲಿತ ಮಗುವಿಗೆ ಒಂದನೆಯ ಮಟ್ಟ, ಚೆನ್ನಾಗಿ ಓದುವವರಿಗೆ ನಾಲ್ಕನೆಯ ಮಟ್ಟ ಎಂದು ಕಥೆಗಳನ್ನು ವಿಂಗಡಿಸಿದ್ದಾರೆ. ಲೇಖಕರ ಮತ್ತು ಚಿತ್ರಕಾರರ ಹೆಸರನ್ನು ಉಳಿಸಿಕೊಂಡು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಬೇರೆ ಭಾಷೆಗೆ ತಿರುಗಿಸಬಹುದು, ತಮ್ಮೂರಿನ ಮಾತಿಗೆ ಹೊಂದುವಂತೆ ಬದಲಾಯಿಸಲೂಬಹುದು. ಇದಕ್ಕೆ ಮೊದಲೇ ಅನುಮತಿಯಿದೆ. ಬೇರೆಯವರ ಗ್ರಂಥವನ್ನು ಕೇಳದೆ ನಕಲು ಮಾಡುವುದು ಕಳವೆಂದು ತಿಳಿದ ನಮ್ಮಂಥವರಿಗೆ ಈ ಔದಾರ್ಯವು ಆಶ್ಚರ್ಯವನ್ನುಂಟುಮಾಡುತ್ತದೆ.

ನಾದಿನಿಯ ಆರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಲೆಕ್ಕದಲ್ಲಿ ಚುರುಕು, ಕುರಿ ಕಾಯುವುದರಲ್ಲಿ ನಿಪುಣ. ಓದು ಮಾತ್ರ ಬಾರದು. ಒತ್ತಕ್ಷರ ಬಂದರೆ ನಿಂತುಬಿಡುವನು. ಒಂದನೆಯ ತರಗತಿಯ ಪುಸ್ತಕವನ್ನು ಕೊಟ್ಟರೆ ಜೊತೆಯವರು ನಗುತ್ತಾರೆಂದು ಮುಟ್ಟುವುದಿಲ್ಲ. ಅವನು ಶಾಲೆಯನ್ನು ಬಿಡುವ ಹವಣಿಕೆಯಲ್ಲಿದ್ದಾನೆಂದು ಅವಳಿಗೆ ಚಿಂತೆಯಾಗಿತ್ತು. ಒಂದು ರಾತ್ರಿ ಒಂದನೆಯ ಮಟ್ಟದ ಕಥೆಯೊಂದನ್ನು ಆರಿಸಿ, ಬೆಳಿಗ್ಗೆ ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ತೆಗೆಸಿ, ಹಾಳೆಗಳನ್ನು ಮಡಿಸಿ ದಾರದಿಂದ ಹೊಲಿದು ಅವನ ಕೈಗೆ ಕೊಟ್ಟಳು. “ಶನಿವಾರ ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳಲು ದೊಡ್ಡವರೊಬ್ಬರು ಬೇಕು. ನೀನು ಓದುತ್ತೀಯಾ?” ಎಂದು ಕೇಳಿದಳು. ಚಿಕ್ಕ ಮಕ್ಕಳಿಗಾಗಿಯೆಂದ ಮೇಲೆ ಪುಸ್ತಕವು ಚಿಕ್ಕದಾಗಿರುವುದರಲ್ಲಿ ಅವಮಾನವೇನಿದೆ? ಅವನು ನಾಲ್ಕು ದಿನ ಮನೆಯಲ್ಲಿ ತಂಗಿಯ ಮುಂದೆ ಓದಿ ಓದಿ ಪಳಗಿಸಿಕೊಂಡು, ಶನಿವಾರ ಒಂದನೆಯ ತರಗತಿಯ ಚಾಪೆಯ ಮೇಲೆ ಕುಳಿತು, ಎರಡು ಕಡೆ ತಡೆದರೂ ಬಿಡದೆ ಓದಿ ಮುಗಿಸಿದನಂತೆ. ಈಗ ಐದನೆಯ ಪುಸ್ತಕ ನಡೆದಿದೆ. ಆ ಹುಡುಗನು ಮುಂದೆಯೂ ಶಾಲೆಗೆ ಬರುವನೆಂದು ನಾನು ಭರವಸೆ ಹೇಳಲಾರೆ. ಆದರೆ ಈ ಐದು ಪುಸ್ತಕಗಳನ್ನು ಆರಿಸಿದುದು ನಮ್ಮ ಹಿರಿಯರು ದೂರುವ ಆ ರಾತ್ರಿಯ ಹೊತ್ತಿನಲ್ಲಿಯೇ.

ಉಳಿದ ಕೆಲವನ್ನು ಬೇಗಬೇಗನೆ ಹೇಳಿಬಿಡುತ್ತೇನೆ. ಕರ್ನಾಟಕ ಪಠ್ಯಪುಸ್ತಕ ಸಂಘದವರ ಜಾಲತಾಣದಲ್ಲಿ ಪುಸ್ತಕಗಳೆಲ್ಲವನ್ನೂ ಹಣವಿಲ್ಲದೆ ಓದಬಹುದು. ಪುಸ್ತಕ ಕಳೆದುಕೊಂಡ ಮಕ್ಕಳ ತಾಯಂದಿರು ಗುರುತಿಟ್ಟುಕೊಳ್ಳಲಿ. ರಾಜ್ಯ ಸರ್ಕಾರದ ‘ಕಣಜ’ವು ಹೆಸರಿಗೆ ತಕ್ಕಂತೆ ನಾನಾ ವಿಷಯಗಳ ಕನ್ನಡ ಬರಹಗಳನ್ನು ತುಂಬಿಟ್ಟಿದೆ. ೨೦೦೩ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವು ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ. ಅದೇ ಕಾರಣದಿಂದ ಅಲ್ಲಿ ಓದಿದುದನ್ನು ಮತ್ತೊಂದು ಕಡೆ ತಾಳೆ ನೋಡಬೇಕು. ‘ವಚನ ಸಂಚಯ’ದಲ್ಲಿ ೨೦,೦೦೦ಕ್ಕೂ ಹೆಚ್ಚು ವಚನಗಳಿದ್ದು, ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಗಳಲ್ಲಿ ಬಂದಿದೆಯೆಂಬುದನ್ನು ತೋರಿಸುತ್ತದೆ, ‘ದೀಪ’ ಎಂಬ ಪದವನ್ನು ಕೊಟ್ಟು ನಾನೂ ನಾದಿನಿಯೂ ಒಂದು ಸಂಜೆಯನ್ನೇ ಕಳೆದೆವು, ಸಾರು ಉಕ್ಕಿಹೋಯಿತು. ಭೂಗೋಳದ ಉಪಾಧ್ಯಾಯರಿಗೆ ಇಸ್ರೋ ಸಂಸ್ಥೆಯವರು ೨೦೦೯ರಲ್ಲಿ ತೆರೆದ ‘ಭುವನ್’ ನಕ್ಷೆಯಿದೆ. ಕೃತಕ ಉಪಗ್ರಹವು ಕಂಡ ನಮ್ಮೂರ ಕೆರೆಯನ್ನು ಮಕ್ಕಳಿಗೆ ತೋರಿಸಿದರೆ ನಕ್ಷೆಯೆಂದರೇನೆಂಬುದು ತಾನಾಗಿ ತಿಳಿಯುತ್ತದೆ. ರೇಖಾಗಣಿತಕ್ಕೆ ‘ಜಿಯೋಜೀಬ್ರ’ ಒಳ್ಳೆಯದೆಂದು ಕೇಳಿ ಬಲ್ಲೆ; ರೇಖಾಗಣಿತಕ್ಕೂ ನನಗೂ ಹಳೆಯ ವೈರವಾದುದರಿಂದ ಹೆಚ್ಚು ಹೇಳಲಾರೆ.

‘ಅಲರ್’ ಎಂಬ ಕನ್ನಡ ಇಂಗ್ಲಿಷ್ ನಿಘಂಟನ್ನು ಮಾತ್ರ ಹೀಗೆ ದಾಟಿಹೋಗಲು ಮನಸ್ಸು ಬಾರದು. ವಿ. ಕೃಷ್ಣ ಎಂಬ ಒಬ್ಬರೇ ವ್ಯಕ್ತಿಯು ಸುಮಾರು ನಾಲ್ಕು ದಶಕಗಳ ಕಾಲ ಕುಳಿತು ಕಟ್ಟಿದ ೧,೫೦,೦೦೦ಕ್ಕೂ ಹೆಚ್ಚು ಪದಗಳ ಕೋಶವಿದು. ೨೦೧೯ರಲ್ಲಿ ಅಂತರಜಾಲಕ್ಕೆ ಬಂದು, ಎಲ್ಲರಿಗೂ ಮುಕ್ತವಾಗಿದೆ. ಪದದ ಅರ್ಥವನ್ನು ಮಗುವು ಕೇಳಿದಾಗ “ಆಮೇಲೆ ಹೇಳುತ್ತೇನೆ” ಎಂದು ಜಾರಿಕೊಳ್ಳುವ ಅಭ್ಯಾಸವು ಉಪಾಧ್ಯಾಯರಿಗೂ ತಾಯಂದಿರಿಗೂ ಸಮಾನ. ಆ ನೆಪವನ್ನು ಈತನು ಕಸಿದುಕೊಂಡಿದ್ದಾನೆ.

ವಿಜ್ಞಾನಕ್ಕೆ ಹಣವಿಲ್ಲದ ಶಾಲೆಗಳವರು ಅರವಿಂದ ಗುಪ್ತರ ತಾಣವನ್ನು ನೋಡಲೇಬೇಕು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಈ ಮಹನೀಯರು ಕಡ್ಡಿಪೆಟ್ಟಿಗೆಯ ಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಕಾಗದ, ಒಡೆದ ಪೆನ್ನು ಇವುಗಳಿಂದ ಆಟಿಕೆಗಳನ್ನು ಮಾಡಿ ವಿಜ್ಞಾನವನ್ನು ಕಲಿಸುವುದಕ್ಕೆ ಜೀವಮಾನವನ್ನು ಸವೆಸಿದವರು. ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಇದರಲ್ಲಿ ಮಕ್ಕಳಿಗೆ ಮೊಬೈಲನ್ನು ತೋರಿಸುವುದೇ ಬೇಡ. ಉಪಾಧ್ಯಾಯಿನಿಯು ಮನೆಯಲ್ಲಿ ನೋಡಿ ಕಲಿತು, ತರಗತಿಯಲ್ಲಿ ಕೈಯಿಂದ ಮಾಡಿಸಿದರಾಯಿತು. ನನ್ನ ಎಣಿಕೆಯಲ್ಲಿ ಅಂತರಜಾಲದ ಅತ್ಯುತ್ತಮ ಉಪಯೋಗವು ಈ ಬಗೆಯದೇ.

ಇಷ್ಟು ಹೊಗಳಿದ ಮೇಲೆ ನಡೆದ ಒಂದು ತಪ್ಪನ್ನೂ ಹೇಳದಿದ್ದರೆ ಕಾಗದ ಬರೆದವರಿಗೆ ಅನ್ಯಾಯವಾದೀತು. ಋತುಗಳ ಪಾಠಕ್ಕಾಗಿ ನಾದಿನಿಯು ಅವಸರದಲ್ಲಿ ಎಲ್ಲಿಂದಲೋ ಒಂದು ವಿಡಿಯೋವನ್ನು ಆರಿಸಿದ್ದಳು. ಚಿತ್ರಗಳು ಸೊಗಸು, ಧ್ವನಿ ಗಂಭೀರ. ಭೂಮಿಯು ಸೂರ್ಯನಿಗೆ ಹತ್ತಿರವಾದಾಗ ಬೇಸಗೆ, ದೂರವಾದಾಗ ಚಳಿಗಾಲವೆಂದು ಅದು ಹೇಳಿತು, ಮಕ್ಕಳು ಬರೆದುಕೊಂಡರು. ಮರುದಿನ ಒಬ್ಬ ಹುಡುಗಿಯು ಎದ್ದು ನಿಂತು, “ಟೀಚರ್, ಜನವರಿಯಲ್ಲಿ ಸೂರ್ಯ ಹತ್ತಿರ ಇರುತ್ತಾನೆ ಅಂತ ಅಣ್ಣನ ಪುಸ್ತಕದಲ್ಲಿದೆ. ಆಗ ನಮಗೆ ಚಳಿ ಅಲ್ವಾ?” ಎಂದಳು. ಹುಡುಗಿಯ ಮಾತೇ ಸರಿ. ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪಕ್ಕೆ ಬರುವುದು ಜನವರಿಯ ಮೊದಲಲ್ಲಿ. ಜುಲೈ ಮೊದಲಿಗೆ ಅದಕ್ಕಿಂತ ಸುಮಾರು ೫೦ ಲಕ್ಷ ಕಿಲೋಮೀಟರು ಹೆಚ್ಚು ದೂರದಲ್ಲಿರುತ್ತದೆ. ಋತುಗಳಿಗೆ ಕಾರಣವು ಈ ದೂರವಲ್ಲ. ಭೂಮಿಯ ಅಕ್ಷವು ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದು.

ಆ ಸಂಜೆ ಅವಳು ಮನೆಗೆ ಬಂದು ಕಾಫಿಯನ್ನೂ ಕುಡಿಯದೆ ಕುಳಿತಿದ್ದಳು. “ಅತ್ತಿಗೆ, ಮೂವತ್ತು ಮಕ್ಕಳ ನೋಟುಪುಸ್ತಕದಲ್ಲಿ ನಾನೇ ತಪ್ಪನ್ನು ಬರೆಸಿಬಿಟ್ಟೆ. ನಾಳೆ ಯಾವ ಮುಖದಿಂದ ನಿಲ್ಲಲಿ?” ಎಂದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಮರುದಿನ ಒಂದು ಮೂಸಂಬಿ ಹಣ್ಣಿಗೆ ಹೆಣಿಗೆಯ ಕಡ್ಡಿಯನ್ನು ಚುಚ್ಚಿಕೊಂಡು, ಮೇಣದ ಬತ್ತಿಯೊಂದನ್ನು ಚೀಲದಲ್ಲಿಟ್ಟುಕೊಂಡು ಹೋದಳು. ತಪ್ಪು ತನ್ನದೆಂದು ಮೊದಲೇ ಹೇಳಿ, ಬರೆದುದನ್ನು ಹೊಡೆದುಹಾಕಿಸಿ, ಕಿಟಕಿ ಬಾಗಿಲು ಮುಚ್ಚಿ, ವಾಲಿಸಿದ ಹಣ್ಣನ್ನು ಬತ್ತಿಯ ಸುತ್ತಲೂ ತಿರುಗಿಸಿ ತೋರಿಸಿದಳಂತೆ. ಹಣ್ಣನ್ನು ಹಿಡಿಯುವ ಕೆಲಸವನ್ನು ಆ ಹುಡುಗಿಗೇ ಕೊಟ್ಟಳಂತೆ. ಅಂದಿನಿಂದ ಯಾರು ಮಾಡಿದ್ದು, ಯಾವ ಸಂಸ್ಥೆಯದು ಎಂದು ತಿಳಿಯದ ಯಾವ ವಿಡಿಯೋವೂ ಅವಳ ತರಗತಿಗೆ ಹೋಗಿಲ್ಲ. ಕೇಳಿದ ಕ್ಷಣದಲ್ಲಿ ಉತ್ತರವನ್ನು ಹೊಸೆದುಕೊಡುವ ಕೃತಕ ಬುದ್ಧಿಯ ಆ್ಯಪುಗಳಿಗೂ ಇದೇ ನಿಯಮ. ಅವು ತಪ್ಪನ್ನು ಹೇಳುವಾಗಲೂ ಧ್ವನಿಯನ್ನು ತಗ್ಗಿಸುವುದಿಲ್ಲ.

ಮನೆಯವರಿಗೆ ಸೇರಿದ ಎರಡು ಮಾತುಗಳಿವೆ. ಉಪಾಧ್ಯಾಯಿನಿಯು ಶಾಲೆಯಲ್ಲಿ ಮೊಬೈಲಿನಿಂದ ಪಾಠವನ್ನು ತೋರಿಸುವಾಗ ಮನೆಯಿಂದ ಸಂದೇಶವನ್ನು ಕಳುಹಿಸಬಾರದು. ನಾನೇ ಒಮ್ಮೆ ಬರುವಾಗ ಬದನೆಕಾಯಿ ತರಬೇಕೆಂದು ಬರೆದು ಕಳುಹಿಸಿ, ಅದು ಹೃದಯದ ರಕ್ತಪರಿಚಲನೆಯ ಚಿತ್ರದ ನೆತ್ತಿಯ ಮೇಲೆ ಮೂಡಿ, ಮಕ್ಕಳೆಲ್ಲರೂ ಗಟ್ಟಿಯಾಗಿ ಓದಿದರಂತೆ. ಈಗ ಅವಳು ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿಯೇ ತರಗತಿಗೆ ಒಯ್ಯುತ್ತಾಳೆ. ಎರಡನೆಯದು, ಅವಳ ಮೊಬೈಲಿನಲ್ಲಿರುವ ಶಾಲೆಯ ಮಕ್ಕಳ ಭಾವಚಿತ್ರಗಳನ್ನು ಚೆಂದವಾಗಿವೆಯೆಂದು ಮನೆಯವರು ನೆಂಟರ ಗುಂಪುಗಳಿಗೆ ಹಂಚಬಾರದು. ಅವು ಬೇರೆ ಮನೆಯ ಮಕ್ಕಳು. ಅವರ ತಂದೆತಾಯಿಗಳು ಒಪ್ಪಿಗೆ ಕೊಟ್ಟಿಲ್ಲ.

ಸೊಸೆಗೂ ಒಂದು ಮಾತು. ದಿನವೂ ಹೊಸದನ್ನು ತೋರಿಸುವೆನೆಂದು ಹೊರಟರೆ ಹನ್ನೊಂದೇನು, ಹನ್ನೆರಡಾದರೂ ಮುಗಿಯದು. ನಾದಿನಿಯು ಈಗ ವಾರಕ್ಕೆ ಎರಡು ಪಾಠಗಳನ್ನು ಮಾತ್ರ ಹೀಗೆ ಮಾಡುತ್ತಾಳೆ. ಎಲ್ಲಿ ಏನು ಸಿಕ್ಕಿತು, ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ ತೋರಿಸಬೇಕು, ನಡುವೆ ನಿಲ್ಲಿಸಿ ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ. ಹೋದ ವರ್ಷದ ಶ್ರಮವು ಈ ವರ್ಷಕ್ಕೆ ಒದಗುತ್ತದೆ. ಪಕ್ಕದ ಶಾಲೆಯ ಉಪಾಧ್ಯಾಯಿನಿಗೂ ಅದರ ಪ್ರತಿ ಹೋಗಿದೆ. ನಮ್ಮ ಮನೆಯ ದೀಪವು ಈಗ ಹತ್ತಕ್ಕೆ ಆರುತ್ತದೆ.

ಕಾಗದ ಬರೆದ ಹಿರಿಯರಲ್ಲಿ ನನ್ನ ವಿಜ್ಞಾಪನೆಯೊಂದಿದೆ. ಸೊಸೆಯು ಮೊಬೈಲನ್ನು ಹಿಡಿದು ಕುಳಿತಾಗ ತಾವೂ ಕನ್ನಡಕವನ್ನು ಹಾಕಿಕೊಂಡು ಪಕ್ಕದಲ್ಲಿ ಕುಳಿತು ನೋಡಬೇಕು. ನಮ್ಮ ಅತ್ತೆಯವರು ಹಾಗೆಯೇ ಒಂದು ರಾತ್ರಿ ಕುಳಿತು ಆ ವಿದ್ಯುತ್ತಿನ ಆಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ಅಲ್ಲವೇ, ತೋಟಕ್ಕೆ ನೀರು ಬಿಡುವುದಕ್ಕೆ ಒಂದೇ ಪೈಪು ಸಾಕಲ್ಲ. ಈ ಬಲ್ಬಿಗೆ ಏಕೆ ಎರಡು ತಂತಿ?” ಎಂದು ಮಗಳನ್ನು ಕೇಳಿದರು. ನಾದಿನಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮರುದಿನ ಅದೇ ಪ್ರಶ್ನೆಯನ್ನು, ತನ್ನ ತಾಯಿಯ ಪ್ರಶ್ನೆಯೆಂದೇ ಹೇಳಿ, ಕರಿಹಲಗೆಯ ಮೇಲೆ ಬರೆದು ತರಗತಿಯನ್ನು ಕೇಳಿದಳು. ಬಹಳ ಗದ್ದಲವಾದ ಮೇಲೆ ಆ ಕುರಿ ಕಾಯುವ ಹುಡುಗನ ಅಕ್ಕ, ಏಳನೆಯ ತರಗತಿಯವಳು, “ತೋಟದ ನೀರು ಗಿಡಕ್ಕೆ ಇಂಗಿ ಮುಗಿದುಹೋಗುತ್ತೆ ಟೀಚರ್. ಇದು ಮುಗಿಯೋದಿಲ್ಲ, ಗಾಣದ ಎತ್ತಿನ ಹಾಗೆ ಸುತ್ತಿ ಬರಬೇಕು. ಅದಕ್ಕೆ ಹೋಗೋ ದಾರಿ ಒಂದು, ಬರೋ ದಾರಿ ಒಂದು” ಎಂದಳಂತೆ.

ಸಂಜೆ ಈ ಉತ್ತರವನ್ನು ಕೇಳಿ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬತ್ತಿ ಹೊಸೆಯುವುದನ್ನು ನಿಲ್ಲಿಸದೆಯೇ, “ಸರಿ, ನಾಳೆಯದು ಏನು?” ಎಂದು ಕೇಳಿದರು.